ಎಂಟು ಕೋಣೆಯ ಅಳತೆ

ಜನವರಿ 12, ಮಧ್ಯಾಹ್ನ

ಮೂರು ಶರ್ಟು ಮುಗಿದವು. ಒಂದಕ್ಕೆ ಗುಂಡಿ ಬಾಕಿ. ಮೆಷಿನ್ನಿನ ಬೆಲ್ಟು ಮತ್ತೆ ಸಡಿಲ. ಅಳತೆ ಪುಸ್ತಕದ ಕೊನೆಯ ಹಾಳೆಗಳು ಖಾಲಿ ಇದ್ದವು, ಅಲ್ಲೇ ಬರೆಯುತ್ತಿದ್ದೇನೆ. ಮುಂದಿನಿಂದ ತೆರೆದರೆ ಬಡಾವಣೆಯವರೆಲ್ಲರ ಸೊಂಟ, ಹಿಂದಿನಿಂದ ತೆರೆದರೆ ನನ್ನ ತಲೆಬಿಸಿ.

ನಿನ್ನೆ ಶಾಲೆಯಲ್ಲಿ ಪೋಷಕರ ಸಭೆ. ಒಂದನೇ ಕ್ಲಾಸಿನ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ತೊಂಬತ್ತು ಜನ ಕೂತಿದ್ದೆವು. ತೊಂಬತ್ತು! ಮೊದಲ ಸಭೆಗೆ ಏಳು ಜನ ಬಂದಿದ್ದರು, ಅದರಲ್ಲೂ ಇಬ್ಬರು ಫ್ಯಾನಿನ ಗಾಳಿಗೆ.

ಇಲ್ಲಿ ಇರುವುದು ಏಳನೇ ತರಗತಿವರೆಗೆ. ಎಂಟಕ್ಕೆ ಹೆದ್ದಾರಿ ದಾಟಿ, ಎರಡು ಬಸ್ಸು ಹತ್ತಿ ಹೋಗಬೇಕು. ಶಾಲೆ ಪಕ್ಕದ ಖಾಲಿ ಜಾಗದಲ್ಲಿ ಹೈಸ್ಕೂಲು ಕಟ್ಟಿಕೊಡಿ ಎಂದು ಎರಡು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದೇವೆ. ನನ್ನ ಮಗಳು ಈಗ ಏಳನೇ ಕ್ಲಾಸು. ಏಪ್ರಿಲ್‌ಗೆ ಮುಗಿಯುತ್ತದೆ.

ನಮ್ಮ ಯಜಮಾನರದು ಒಂದೇ ಮಾತು — “ಅಕ್ಕನ ಮನೇಲಿ ಬಿಡೋಣ. ಅಲ್ಲಿ ಬಾಗಿಲು ತೆಗೆದ್ರೆ ಹೈಸ್ಕೂಲು.” ಅತ್ತಿಗೆಯ ಊರು ಒಂದು ಹಗಲಿನ ದಾರಿ. ಅತ್ತಿಗೆ ಒಳ್ಳೆಯವರು, ಅದೇ ಕಷ್ಟ. ಬೇಡ ಎನ್ನಲು ಕಾರಣ ಸಿಗುವುದಿಲ್ಲ. “ಆ ಹೆದ್ದಾರೀಲಿ ದಿನಾ ಲಾರಿ ಓಡಿಸೋನು ನಾನು. ಮಕ್ಕಳು ಹೇಗೆ ದಾಟ್ತಾರೆ ಅಂತ ನೋಡಿದೀನಿ ಕಣೇ,” ಎಂದರು.

ಹನ್ನೆರಡು ವರ್ಷದವಳನ್ನು ಮನೆಯಿಂದ ಕಳಿಸಿ ನಾನು ಇಲ್ಲಿ ಯಾರ ಬಟ್ಟೆ ಹೊಲಿಯಲಿ.

ಜನವರಿ 15

ಇಲಾಖೆಯ ಆಫೀಸಿನಿಂದ ಅರ್ಜಿಗೆ ಉತ್ತರ ಬಂತು. ದೊಡ್ಡ ಟೀಚರ್ ಸಂಜೆ ನಮ್ಮನ್ನೆಲ್ಲ ಕರೆದು ಓದಿದರು. ಅವರು ಹೆಡ್‌ಮಿಸ್ಟ್ರೆಸ್, ಆಳು ಕುಳ್ಳಗೆ, ಆದರೂ ಎಲ್ಲರೂ ದೊಡ್ಡ ಟೀಚರ್ ಅಂತಲೇ ಕರೆಯುವುದು. ಓದುವಾಗ ದನಿ ನಡುಗಲಿಲ್ಲ. ಕನ್ನಡಕ ಮಾತ್ರ ಎರಡು ಸಲ ಒರೆಸಿಕೊಂಡರು.

ಕಟ್ಟಡಕ್ಕೆ ಎಂಟು ಕೋಣೆ ಬೇಕೇ ಬೇಕು. ಮಹಡಿಗೆ ಮಂಜೂರಿಲ್ಲ. ಜಾಗ ಸಾಲದು. ಆದ್ದರಿಂದ ಅರ್ಜಿ ಮುಕ್ತಾಯಗೊಳಿಸಬಹುದು... ಇಷ್ಟೇ.

ಜೊತೆಗೆ ಒಂದು ನಕ್ಷೆ. ಎಂಟೂ ಕೋಣೆ ರೈಲುಡಬ್ಬಿಗಳ ಹಾಗೆ ಒಂದೇ ಸಾಲಿನಲ್ಲಿ. ಕೊನೆಯ ಎರಡು ಜಾಗದ ಗೆರೆ ದಾಟಿ ಹೊರಗೆ.

ಎಲ್ಲರೂ ಹೋದ ಮೇಲೂ ಅದನ್ನೇ ನೋಡುತ್ತಾ ನಿಂತಿದ್ದೆ. ನನ್ನ ಹತ್ತಿರ ಬಟ್ಟೆ ತರುವವರಲ್ಲಿ ಅರ್ಧ ಜನ ಹೇಳುವುದು ಇದನ್ನೇ. ಸಾಲುತ್ತೋ ಇಲ್ವೋ. ಉದ್ದಕ್ಕೆ ಇಟ್ಟು ಕತ್ತರಿಸಿದರೆ ಸಾಲುವುದಿಲ್ಲ. ತೋಳನ್ನು ಅಡ್ಡಕ್ಕೆ ತಿರುಗಿಸಿದರೆ ಸಾಲುತ್ತದೆ, ಕರ್ಚೀಫಿಗೂ ಮಿಗುತ್ತದೆ.

ಆದರೆ ನಾನು ಏಳನೇ ಕ್ಲಾಸಿಗೇ ಬಿಟ್ಟವಳು. ನಕ್ಷೆಯನ್ನು ಟೀಚರ್ ಮೇಜಿನ ಮೇಲಿಟ್ಟು ಮನೆಗೆ ಬಂದೆ.

ಜನವರಿ 18

ತಡೆಯಲಾಗಲಿಲ್ಲ. ನಕ್ಷೆಯನ್ನು ಟೀಚರ್ ಹತ್ತಿರ ಕೇಳಿ ತಂದೆ. ಜಾಗವನ್ನು ಅದರ ಮೇಲಿಂದ ರಟ್ಟಿಗೆ ಇಳಿಸಿಕೊಂಡೆ. ಎಂಟು ಕಾಗದದ ಕೋಣೆ ಕತ್ತರಿಸಿದೆ. ಮಗಳು ಕತ್ತರಿಸುವ ಮೇಜಿನ ಆ ಕಡೆ ನಿಂತು ಒಂದೊಂದನ್ನೇ ಕೊಟ್ಟಳು.

ಐದು ಉದ್ದಕ್ಕೆ. ಮೂರನ್ನು ತಿರುಗಿಸಿ, ಜಾಗದ ಅಂಚಿನ ಮೋರಿಯ ಕಡೆಗೆ.

ಕೂತವು. ಎಂಟೂ ಕೂತವು. ನಡುವೆ ಆಟಕ್ಕೂ ಜಾಗ ಉಳಿಯಿತು. ಮೇಜಿನ ಮೇಲೆ ಸೂಜಿಪೆಟ್ಟಿಗೆ ಪಕ್ಕದಲ್ಲಿ ಒಂದು ಹೈಸ್ಕೂಲು ಇತ್ತು. ಫ್ಯಾನು ಹಾಕಲು ಭಯವಾಯಿತು, ಹಾರಿ ಹೋದೀತೆಂದು.

ಮಗಳು ಒಂದು ಕೋಣೆಯ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ‘8ನೇ’ ಎಂದು ಬರೆದಳು.

ಜನವರಿ 28

ಆಫೀಸಿಗೆ ನಾಲ್ಕು ಜನ ಹೋದೆವು — ದೊಡ್ಡ ಟೀಚರ್, ಗಾರೆ ಮೇಸ್ತ್ರಿ, ಅವನ ಹೆಂಡತಿ, ನಾನು. ಮೇಸ್ತ್ರಿಗೆ ಮೂವರು ಮಕ್ಕಳು, ಮೂವರೂ ಸಾಲಾಗಿ ಐದು, ಆರು, ಏಳನೇ ಕ್ಲಾಸಿನಲ್ಲಿ. ಅವನು ರಟ್ಟು ನೋಡಿ, “ಟೈಲರಕ್ಕ, ಇಪ್ಪತ್ತು ವರ್ಷದಿಂದ ಮನೆ ಕಟ್ತಿದೀನಿ, ನಂಗೆ ಹೊಳೀಲಿಲ್ಲ ನೋಡಿ,” ಎಂದಿದ್ದ.

ಎಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ಮುಖದ ತುಂಬ ಸುಸ್ತು. ಮೇಜಿನ ಮೇಲೆ ಫೈಲುಗಳ ಗೋಡೆ, ಅದರ ಆಚೆಯಿಂದ ಮಾತಾಡಿದರು. “ಕಾಗದದ ಮೇಲೆ ಎಲ್ಲಾನೂ ಹಿಡಿಯುತ್ತಮ್ಮ. ನೆಲದ ಮೇಲೆ ಹಿಡೀಬೇಕಲ್ಲ. ಆ ಜಾಗ ಎಲ್ಲಾ ಕಡೆ ಓರೆಕೋರೆ.”

ದೊಡ್ಡ ಟೀಚರ್ ಕುರ್ಚಿಯಿಂದ ಏಳಲೂ ಇಲ್ಲ. “ನೆಲದ ಮೇಲೇ ತೋರಿಸ್ತೀವಿ. ಬಂದು ನೋಡಿ ಸಾರ್.”

ಸಾಹೇಬರು ಕೊಟ್ಟ ದಿನ ಫೆಬ್ರವರಿ 20, ಬೆಳಿಗ್ಗೆ ಹತ್ತು ಗಂಟೆ. ಆ ದಿನ ಹಿಡಿಯದಿದ್ದರೆ ಫೈಲು ಮುಚ್ಚುತ್ತಾರೆ. ಜಾಗ ಗೋದಾಮಿಗೆ ಹೋಗುತ್ತದೆ.

ಬಸ್ಸಿನಲ್ಲಿ ಟೀಚರನ್ನು ಕೇಳಿದೆ, “ನೆಲದ ಮೇಲೆ ಹೇಗೆ ತೋರಿಸೋದು ಟೀಚರ್?” “ನಂಗೇನು ಗೊತ್ತು,” ಎಂದರು. “ಬಟ್ಟೆ ಮೇಲೆ ಗೆರೆ ಎಳೆಯೋರು ನೀವು.”

ಫೆಬ್ರವರಿ 11

ಬರೆಯಲು ಪುರುಸೊತ್ತಿಲ್ಲ. ದಿನಾ ಸಂಜೆ ಜಾಗ ಸ್ವಚ್ಛ ಮಾಡುವುದು. ಮುಳ್ಳುಗಿಡ, ಒಡೆದ ಗಾಜು, ಮುರಿದ ಕಮೋಡು ಒಂದು. ನರ್ಸಮ್ಮ ಡ್ಯೂಟಿ ಮುಗಿಸಿ ಬಿಳಿ ಬಟ್ಟೆಯಲ್ಲೇ ಗುದ್ದಲಿ ಹಿಡಿದರು. ಯಾರೂ ಯಾರನ್ನೂ ಕರೆಯುತ್ತಿಲ್ಲ. ಬರುತ್ತಾರೆ, ಬಾಗುತ್ತಾರೆ, ಕತ್ತಲಾದರೆ ಹೋಗುತ್ತಾರೆ. ನಲವತ್ತು ಬೆನ್ನುಗಳು ಒಟ್ಟಿಗೆ ಬಾಗಿದ್ದನ್ನು ಇವತ್ತು ನೋಡಿ ಒಂದು ಗಳಿಗೆ ಕೈಯ ಕುಡುಗೋಲು ಮರೆತು ನಿಂತೆ.

ಇವರು ಬಂದಿಲ್ಲ. ಲೋಡು ಇದೆಯಂತೆ. ಅತ್ತಿಗೆಗೆ ಫೋನ್ ಮಾಡಿ ಅಲ್ಲಿನ ಶಾಲೆಯ ಅರ್ಜಿ ತರಿಸಿದ್ದಾರೆ. ಕಪಾಟಿನ ಮೇಲಿದೆ. ನಾನು ಆ ಕಡೆ ನೋಡುವುದಿಲ್ಲ.

ಫೆಬ್ರವರಿ 19, ಸಂಜೆ 7

ನನ್ನ ಕೈಯಾರೆ ಕೆಡಿಸಿದೆ.

ಮಧ್ಯಾಹ್ನದಿಂದ ಗೆರೆ ಎಳೆದೆವು. ಗೂಟ, ದಾರ, ದಾರದ ಗುಂಟ ಸುಣ್ಣದ ಪುಡಿ. ಅಳತೆ ನನ್ನದು, ಮೂಲೆ ಮೇಸ್ತ್ರಿಯದು. ಕೋಣೆಗಳು ಒಂದೊಂದಾಗಿ ಎದ್ದವು... ಎದ್ದವು ಅಂತಲೇ ಬರೆಯುತ್ತೇನೆ, ನೆಲದ ಮೇಲೆ ಮಲಗಿದ್ದರೂ. ಒಳಗೆ ಹೋಗಿ ನಿಂತೆ. ಎಷ್ಟು ದೊಡ್ಡದು! ಮೇಜಿನ ಮೇಲೆ ನನ್ನ ಅಂಗೈಗಿಂತ ಸಣ್ಣದಾಗಿದ್ದ ಕೋಣೆ ಇದು. ಇದರಲ್ಲಿ ನಲವತ್ತು ಮಕ್ಕಳು ಕೂರುತ್ತಾರೆ.

ಎಂಟನೇ ಕೋಣೆಗೆ ಬಂದಾಗ ದಾರ ಮೋರಿಗೆ ಬಿತ್ತು. ಐದಡಿ ಹೊರಗೆ.

ಮೇಸ್ತ್ರಿ ಮತ್ತೆ ಅಳೆದ. ಮೊದಲನೇ ಕೋಣೆಗೆ ಹೋಗಿ ಅಳೆದ. ನನ್ನ ಮುಖ ನೋಡಿದ. “ಅಕ್ಕ, ಇಪ್ಪತ್ತೈದಡಿ ತಾನೇ? ಇದು ಇಪ್ಪತ್ತೇಳಿದೆ. ಎಲ್ಲಾನೂ ಇಪ್ಪತ್ತೇಳಿದೆ.”

ಆಗ ಹೊಳೆಯಿತು. ಈ ಕಡೆ ಒಂದಡಿ, ಆ ಕಡೆ ಒಂದಡಿ. ಮಾರ್ಜಿನ್ ಬಿಟ್ಟಿದ್ದೇನೆ! ಹದಿನೆಂಟು ವರ್ಷದಿಂದ ಮಕ್ಕಳ ಯೂನಿಫಾರ್ಮು ಹೊಲಿದ ಕೈ. ಬೆಳೆಯುವ ಮಕ್ಕಳು, ಬರುವ ವರ್ಷ ಬಿಚ್ಚಿ ದೊಡ್ಡದು ಮಾಡಬೇಕಲ್ಲ, ಒಳಗೆ ಒಂದಿಷ್ಟು ಇರಲಿ — ಕೈ ತಾನಾಗಿ ಬಿಟ್ಟುಕೊಂಡು ಹೋಗಿದೆ. ಯೋಚಿಸಲೂ ಇಲ್ಲ.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಗೋಡೆ ಬೆಳೆಯಲ್ಲ ಅಕ್ಕ.” ಬೇರೆ ಯಾರೂ ನಗಲಿಲ್ಲ. ಕತ್ತಲಾಗುತ್ತಿತ್ತು, ಸುಣ್ಣವೆಲ್ಲ ಸುರಿದಾಗಿತ್ತು, ನಾಳೆ ಹತ್ತಕ್ಕೆ ಸಾಹೇಬರು. ಯಾರೋ ಒಬ್ಬಾಕೆ ಹಿಂದಿನಿಂದ, “ಗೊತ್ತಿಲ್ಲದೋರ ಕೈಗೆ ಕೊಟ್ರೆ ಹೀಗೇ,” ಎಂದರು. ನಿಜವೇ ಅಲ್ಲವೇ. ಕೆಳಗೆ ಕೂತುಬಿಟ್ಟೆ.

ಮನೆಗೆ ಬಂದರೆ ಇವರು ಬಾಗಿಲಲ್ಲೇ. ಹೇಳಿದೆ. ಅಳುತ್ತಾ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಸುಣ್ಣ ಎಷ್ಟು ಮೂಟೆ ಬೇಕು?” ಎಂದರು.

ಫೆಬ್ರವರಿ 20, ಬೆಳಿಗ್ಗೆ 9

ಎರಡು ಸಾಲು ಮಾತ್ರ. ಕೈ ತುಂಬ ಸುಣ್ಣ, ಪೆನ್ನು ಜಾರುತ್ತದೆ. ಬೆಳಕು ಹರಿಯುವಾಗ ಇವರ ಲಾರಿ ಜಾಗದ ಮುಂದೆ ನಿಂತಿತು, ಆರು ಮೂಟೆ. ಅಲ್ಲಿ ಆಗಲೇ ಅರವತ್ತು ಜನ ಪೊರಕೆ ಹಿಡಿದು ಹಳೆಯ ಗೆರೆ ಅಳಿಸುತ್ತಿದ್ದರು. ನಿನ್ನೆ ಬೈದಾಕೆಯೂ ಇದ್ದರು. “ಟೇಪು ಹಿಡೀರಿ, ಎಲ್ಲಿಂದ ಶುರು?” ಎಂದು ನನ್ನನ್ನೇ ಕೇಳಿದರು.

ಎಂಟನೇ ಕೋಣೆ ಮೋರಿಗಿಂತ ಒಂದಡಿ ಈಚೆಗೆ ನಿಂತಿತು.

ಫೆಬ್ರವರಿ 20, ರಾತ್ರಿ

ಇದನ್ನು ಹೇಗೆ ಬರೆಯಲಿ ಗೊತ್ತಿಲ್ಲ. ಬರೆಯದಿದ್ದರೆ ನಾಳೆ ನಾನೇ ನಂಬಲಾರೆ.

ಒಂಬತ್ತೂವರೆಗೆ ದೊಡ್ಡ ಟೀಚರ್ ಐದು, ಆರು, ಏಳನೇ ತರಗತಿಯ ಮಕ್ಕಳನ್ನು ಕರೆತಂದರು. ಹೆದ್ದಾರಿ ದಾಟಿ ಓದುವ ದೊಡ್ಡ ಮಕ್ಕಳೂ ರಜೆ ಹಾಕಿ ಬಂದರು. ಯಾವ ಕೋಣೆ ಯಾರಿಗೆ ಎಂದು ಹಂಚಿ, ಮಕ್ಕಳಿಗೆ ಹೇಳಿದ್ದು ಇಷ್ಟೇ, ನಿಮ್ಮ ನಿಮ್ಮ ಕೋಣೆಗೆ ಹೋಗಿ ಕೂತ್ಕೊಳ್ಳಿ ಅಂತ. ಗೆರೆ ದಾಟಬೇಡಿ ಎಂದು ಯಾರೂ ಹೇಳಲಿಲ್ಲ. ಆದರೆ ಒಂದು ಮಗುವೂ ದಾಟಲಿಲ್ಲ! ಇನ್ನೂರಕ್ಕೂ ಮೇಲ್ಪಟ್ಟ ಮಕ್ಕಳು. ಸುಣ್ಣದಲ್ಲೇ ಎಳೆದ ವರಾಂಡದ ಗುಂಟ ಸಾಲಾಗಿ ಹೋದರು, ಮೇಸ್ತ್ರಿ ಗೆರೆಯಲ್ಲಿ ಬಿಟ್ಟಿದ್ದ ಮೂರೂವರೆ ಅಡಿಯ ಬಾಗಿಲಲ್ಲಿ ಒಬ್ಬೊಬ್ಬರಾಗಿ ಒಳಹೊಕ್ಕರು. ಬೇಲಿ ಹಾರುವ, ಕಿಟಕಿಯಿಂದ ಇಳಿಯುವ ಅವೇ ಮಕ್ಕಳು. ಕೂತರು. ಗೋಡೆ ಇಲ್ಲದ ಎಂಟು ಕೋಣೆ, ಮೇಲೆ ಬರೀ ಆಕಾಶ, ಮತ್ತು ಅಷ್ಟು ಮಕ್ಕಳ ಮೌನ. ನನ್ನ ಜೀವಮಾನದಲ್ಲಿ ಇಷ್ಟು ದೊಡ್ಡದನ್ನು ನೋಡಿಲ್ಲ.

ಆಮೇಲೆ ಬಟ್ಟೆ ಅಂಗಡಿಯ ಹುಡುಗಿ ಬಂದಳು. ಎರಡು ವರ್ಷದ ಹಿಂದೆ ಏಳನೇ ಕ್ಲಾಸು ಮುಗಿಸಿ ಓದು ಬಿಟ್ಟವಳು, ಈಗ ಕೌಂಟರಿನಲ್ಲಿ ನಿಲ್ಲುತ್ತಾಳೆ. ರಸ್ತೆಯಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದಳು. ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ಹತ್ತನೇ ತರಗತಿಯ ಬಾಗಿಲಿಗೆ ಹೋಗಿ, ಒಳಗೆ ಬಂದು, ಹಿಂದಿನ ಸಾಲಿನಲ್ಲಿ ಕೂತಳು. ದೊಡ್ಡ ಟೀಚರ್ ಆ ಕಡೆ ಮುಖ ತಿರುಗಿಸಿದರು. ಕನ್ನಡಕ ಒರೆಸುವ ಗೋಜಿಗೂ ಹೋಗಲಿಲ್ಲ.

ಹತ್ತಕ್ಕೆ ಸಾಹೇಬರು. ಜೀಪಿನಿಂದ ಇಳಿದವರು ಫೈಲು ಹಿಡಿದು ನೇರ ನಡೆದು ಬಂದರು. ಎಂಟನೇ ತರಗತಿಯ ಗೆರೆಯ ಹತ್ತಿರ ಬಂದು ಕಾಲು ಎತ್ತಿದರು.

ಎತ್ತಿದ ಕಾಲು ಹಾಗೇ ನಿಂತಿತು.

ಒಳಗೆ ನಲವತ್ತು ಮಕ್ಕಳು, ಮುಂದಿನ ಸಾಲಿನಲ್ಲಿ ನನ್ನ ಮಗಳು. ಸಾಹೇಬರು ಕಾಲು ಹಿಂದಕ್ಕೆ ತೆಗೆದರು. ಸುತ್ತಿಕೊಂಡು ವರಾಂಡಕ್ಕೆ ಹೋದರು. ಬಾಗಿಲಿನ ಮುಂದೆ ನಿಂತರು. ಮಕ್ಕಳೆಲ್ಲ ಒಟ್ಟಿಗೆ ಎದ್ದು ನಿಂತು ನಮಸ್ತೆ ಸಾರ್ ಎಂದಾಗ ಅವರ ಮುಖ ನೋಡಬೇಕಿತ್ತು. “ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದರು.

ಎಂಟೂ ಕೋಣೆ ಅಳೆದರು. ಒಂದೊಂದಕ್ಕೂ ಬಾಗಿಲಿನಿಂದಲೇ ಹೋದರು. ಮೋರಿಯ ಪಕ್ಕ ಬಗ್ಗಿ ಆ ಒಂದಡಿಯನ್ನೂ ಅಳೆದರು. “ಈ ಲೇಔಟು ಯಾರು ಮಾಡಿದ್ದು?” ಮೇಸ್ತ್ರಿ ನನ್ನನ್ನು ಮುಂದೆ ತಳ್ಳಿದ.

“ಯಾವ ಆಫೀಸಲ್ಲಿ ಕೆಲಸಮ್ಮ?”

“ಬಟ್ಟೆ ಹೊಲಿತೀನಿ ಸಾರ್.”

ಸಾಹೇಬರು ಪೆನ್ನು ತೆಗೆದರು. ಫೈಲಿನಲ್ಲಿ ಬರೆದುಕೊಂಡರು. “ಬರೀತೀನಿ. ಮಂಜೂರು ಮೇಲಿನವರ ಕೈಲಿದೆ,” ಎಂದಷ್ಟೇ ಹೇಳಿ ಹೊರಟರು. ಹೋಗುವಾಗಲೂ ವರಾಂಡದಲ್ಲೇ ಹೋದರು.

ಇವರು ಲಾರಿಯ ಬಾನೆಟ್ಟಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ನನ್ನ ಹತ್ತಿರ ಬಂದು ಕೈಯಿಂದ ಟೇಪು ತೆಗೆದುಕೊಂಡು ಸುತ್ತಿಟ್ಟರು.

ಮಾರ್ಚ್ 9

ಕಾಗದ ಬಂದಿಲ್ಲ. ಸುಣ್ಣ ಹೆಚ್ಚುಕಡಿಮೆ ಮಾಸಿದೆ. ಹಾಲು ಹಾಕುವವನು ಇವತ್ತೂ ಸೈಕಲ್ಲು ತಳ್ಳಿಕೊಂಡು ಕೋಣೆಗಳನ್ನು ಸುತ್ತಿಕೊಂಡೇ ಹೋದ. ಮೊದಲೆಲ್ಲ ಅಡ್ಡ ಹಾಯುತ್ತಿದ್ದವನು.

ಮಾರ್ಚ್ 27

ಬಂದಿಲ್ಲ. ಅತ್ತಿಗೆಯ ಊರಿನ ಶಾಲೆಗೆ ಅರ್ಜಿ ಕೊಡಲು ಏಪ್ರಿಲ್ ಐದು ಕೊನೆ. ಇವರು ನಿನ್ನೆ ಕಪಾಟಿನ ಮೇಲಿಂದ ಅದನ್ನು ತೆಗೆದು ತುಂಬಿಸಿದರು. ಹೆಸರು, ಹುಟ್ಟಿದ ದಿನ. ತಂದೆಯ ಸಹಿ ಅಂತ ಇರುವಲ್ಲಿ ಪೆನ್ನು ಊರಿ ಬಹಳ ಹೊತ್ತು ಕೂತರು. ಸಹಿ ಹಾಕಲಿಲ್ಲ. ಹರಿಯಲೂ ಇಲ್ಲ.

ಮಗಳಿಗೆ ಹೋಗಲು ಹೊಸ ಬಟ್ಟೆ ಹೊಲಿಯಬೇಕಂತೆ. ಬಟ್ಟೆ ತಂದಿಟ್ಟಿದ್ದೇನೆ. ಕತ್ತರಿ ಹಾಕಲು ಕೈ ಬರುತ್ತಿಲ್ಲ.

ಏಪ್ರಿಲ್ 3, ಮಧ್ಯಾಹ್ನ

ಬಂತು. ದೊಡ್ಡ ಟೀಚರ್ ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಯಲ್ಲಿ ಓಡಿ ಬಂದರು. ಆ ವಯಸ್ಸಿನಲ್ಲಿ!

ಎಂಟು ಕೋಣೆ ಮಂಜೂರು. ಜೂನ್‌ನಿಂದಲೇ ಎಂಟನೇ ತರಗತಿ ಶುರು, ಕಟ್ಟಡ ಏಳುವವರೆಗೆ ಪ್ರೈಮರಿ ಶಾಲೆಯ ಹಾಲ್‌ನಲ್ಲಿ. ಕಾಗದವನ್ನು ನಾನು ಮೂರು ಸಲ ಓದಿದೆ, ಮಗಳು ಒಂದು ಸಲ ಗಟ್ಟಿಯಾಗಿ ಓದಿದಳು.

ಇವರು ಆಗಷ್ಟೇ ಲೋಡು ಇಳಿಸಿ ಬಂದಿದ್ದರು. ಕೈಕಾಲನ್ನೂ ತೊಳೆಯಲಿಲ್ಲ. ಫೋನ್ ತೆಗೆದು ಅತ್ತಿಗೆಗೆ ಮಾಡಿದರು. “ಅಕ್ಕ, ಅವಳು ಬರಲ್ಲ. ಇಲ್ಲ, ಯಾರಿಗೂ ಏನೂ ಆಗಿಲ್ಲ... ಇಲ್ಲೇ. ಇಲ್ಲೇ ಹೈಸ್ಕೂಲು ಬಂತು ಅಕ್ಕ. ಇವಳು...” ಎಂದರು. ನನ್ನ ಮುಖ ನೋಡುತ್ತಾ ಫೋನನ್ನು ನನ್ನ ಕೈಗಿಟ್ಟರು.

ಆ ಕಡೆಯಿಂದ ಅತ್ತಿಗೆ, “ಏನಮ್ಮಾ, ನೀನೇ ಕಟ್ಟಿಸಿದ್ಯಂತೆ?” ಎಂದರು. ಇವರು ಅವರಿಗೆ ಯಾವಾಗ ಹೇಳಿದರೋ, ಏನೇನು ಹೇಳಿದರೋ. ನಾನು, “ಇಲ್ಲ ಅತ್ತಿಗೆ, ಎಲ್ಲರೂ ಸೇರಿ. ನಾನು ಬರೀ ಅಳತೆ ಹಿಡಿದೆ,” ಎಂದೆ.