ಒಂದು ಮಧ್ಯಾಹ್ನದಲ್ಲಿ ಮುದಿಯಾದ ಗಿಟಾರ್

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಾ,

ಅಜ್ಜಿಯ ಆಶೀರ್ವಾದ. ಕೈ ಹೇಗಿದೆ? ಗಾಯ ಪೂರ್ತಿ ಒಣಗಿತೇ, ಚಳಿಗೆ ಸೆಳೆಯುತ್ತದೆಯೇ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಿ ಅಜ್ಜೀ, ಅಮ್ಮಂಗೆ ಕೊಡು" ಎನ್ನುತ್ತೀಯ. ಅದಕ್ಕೇ ಈ ಕಾಗದ. ಇದನ್ನು ನಡುವೆ ಕಟ್ ಮಾಡಲು ಆಗುವುದಿಲ್ಲವಲ್ಲ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ಈ ಮನೆಯಲ್ಲಿ ಬೇರೆ ಯಾರು ಕೇಳುತ್ತಾರೆ ಹೇಳು.

ಯಂತ್ರದ ಬೆಲ್ಟಿಗೆ ಎಡಗೈ ಸಿಕ್ಕಿ ಮೂರು ಬೆರಳು ಹೋದ ಮೇಲೆ ನಿನ್ನ ಕರೆಂಟಿನ ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟೆ ಎಂದೆಯಲ್ಲ, ಅಂದಿನಿಂದ ನಿನ್ನಪ್ಪ ಊಟದ ತಟ್ಟೆಯ ಮುಂದೆಯೂ ನೀನು ಗಿಟಾರ್ ಹಿಡಿದ ಫೋಟೊ ಇಟ್ಟುಕೊಂಡು ಕೂರುತ್ತಿದ್ದ. ಒಂದು ದಿನ ಇದ್ದಕ್ಕಿದ್ದಂತೆ ನನ್ನ ಹಳೆಯ ಮಂಚದ ತಲೆಹಲಗೆ ಕಿತ್ತ. "ಅಂಥದ್ದೇ ಒಂದು ಮಾಡ್ತೀನಮ್ಮಾ. ಅವನು ಮತ್ತೆ ನುಡಿಸಬೇಕು" ಎಂದ. ತಂತಿ ಒತ್ತುವುದೇ ಎಡಗೈ. ಆ ಬೆರಳುಗಳೇ ಇಲ್ಲದ ಹುಡುಗನಿಗೆ ಗಿಟಾರ್ ಕಳಿಸುವುದೆಂದರೆ ಗಾಯದ ಮೇಲೆ ಬರೆ ಎಳೆದ ಹಾಗೆ ಎಂದು ಬೈದೆ. "ಇರಲಿ ಬಿಡಮ್ಮಾ" ಎಂದು ಗರಗಸ ಹುಡುಕಲು ಹೋದ.

ಕಾರುಗಳ ಮೈಗೆ ಬಣ್ಣ ಹೊಡೆದೇ ತಲೆ ನೆರೆಸಿಕೊಂಡವನಿಗೆ ಬಣ್ಣ ಗೊತ್ತು, ಮರ ಗೊತ್ತಿಲ್ಲ. ಎರಡು ಹಲಗೆ ಅಂಟಿಸಿ ಮೈ ಕೊರೆದಿದ್ದಾಯಿತು. ತಂತಿ ಹಾಯುವ ಉದ್ದ ಕತ್ತು ಮೊದಲನೆಯದು ಸೀಳಿಹೋಯಿತು, ಎರಡನೆಯದು ಸೌಟಿನಂತೆ ಬಾಗಿತು, ಮೂರನೆಯದು ಹೇಗೋ ನೆಟ್ಟಗೆ ನಿಂತಿತು. ಆಮೇಲೆ ಕೆಂಪು ಬಣ್ಣ ಹೊಡೆದು ಮೆರುಗು ಕೊಟ್ಟ ನೋಡು, ಅದರಲ್ಲಿ ನನ್ನ ಮುಖ ಕನ್ನಡಕವಿಲ್ಲದೆಯೇ ಕಂಡಿತು. ಸಾಕು, ಕಳಿಸು ಎಂದೆ. "ಇಲ್ಲಮ್ಮಾ, ಇನ್ನು ಹಳೇದು ಮಾಡಬೇಕು. ಹೊಸದು ಕೊಟ್ಟರೆ ಗೋಡೆಗೆ ನೇತುಹಾಕ್ತಾನೆ. ಹಳೇದಾದರೆ ಕೈಗೆ ತಗೋತಾನೆ" ಎಂದ. ಇವನಿಗೆ ಬಣ್ಣದ ವಾಸನೆ ತಲೆಗೇರಿದೆ ಎಂದುಕೊಂಡೆ.

ಐಸ್‌ಕ್ರೀಮ್ ಅಂಗಡಿಯವಳ ದೊಡ್ಡ ಫ್ರಿಜ್ಜಿನಲ್ಲಿ ಅದರ ಮೈಯನ್ನು ಬಟ್ಟೆ ಸುತ್ತಿ ಮಲಗಿಸಿದ. ಮಂಜಿನಂತೆ ತಣ್ಣಗಾದ ಮೇಲೆ ತಂದು ಬಿಸಿಲಿಗೆ ಹಿಡಿದ. ಪುಟ್ಟಾ, ನಾನು ಕಿವಿಯಾರೆ ಕೇಳಿದೆ, ಬಣ್ಣ ಚಿಟಚಿಟ ಎಂದಿತು. ಕೂದಲಿಗಿಂತ ಸಣ್ಣ ಬಿರುಕುಗಳು ನನ್ನ ಕಣ್ಣೆದುರಿಗೇ ಒಂದು ಅಂಚಿನಿಂದ ಇನ್ನೊಂದಕ್ಕೆ ಓಡಿದವು. ಮೂಗಿನ ಮೇಲೆ ಬೆರಳಿಟ್ಟು ನಿಂತುಬಿಟ್ಟೆ. ಮುದುಕಿಯಾಗಲು ನನಗೆ ಎಂಬತ್ತು ವರ್ಷ ಹಿಡಿಯಿತು, ಆ ಹಲಗೆಗೆ ಒಂದು ಮಧ್ಯಾಹ್ನ ಸಾಕಾಯಿತು. ತಿರುಪುಗಳನ್ನು ಉಪ್ಪು ಬೆರೆಸಿದ ವಿನೆಗರ್‌ನಲ್ಲಿ ನೆನೆಹಾಕಿ ತುಕ್ಕು ಹಿಡಿಸಿದ, ಸದ್ದು ಏರಿಸಿ ಇಳಿಸುವ ಬಿಳಿ ಗುಂಡಿಗಳನ್ನು ಕಡು ಚಹಾದಲ್ಲಿ ಅದ್ದಿಟ್ಟು ಹಳದಿ ಮಾಡಿದ. ಆ ಪಾತ್ರೆಯನ್ನು ನಿಮ್ಮಮ್ಮ ಇನ್ನೂ ಅಡಿಗೆಮನೆಗೆ ಸೇರಿಸಿಲ್ಲ.

ಆದರೆ ಗೀರುವ ಹೊತ್ತು ಬಂದಾಗ ಅವನ ಕೈ ಏಳಲಿಲ್ಲ. ಜನ್ಮವಿಡೀ ಬೇರೆಯವರ ಕಾರಿನ ಗೀರು ಮುಚ್ಚಿದವನು, ಪಾಪ. "ಅಮ್ಮಾ, ಮೊದಲನೇದು ನೀನು ಹಾಕು" ಎಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ನಾನಾದೆ. ಬೀರುವಿನ ಬೀಗದ ಕೈಗೊಂಚಲು ಎತ್ತಿ ಬಾರಿಸಿದೆ. ಅವನು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡ. ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಗಿಟಾರನ್ನು ತೊಡೆಯ ಮೇಲಿಟ್ಟು, ನೀನು ಕೈ ಆಡಿಸುವ ಹಾಗೆ ಆಡಿಸುತ್ತಿದ್ದ. ಮುಂಗೈ ತಗುಲಿದ ಕಡೆ ಗುರುತು ಮಾಡಿ, ಮರ ಕಾಣುವವರೆಗೆ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದ. ಒಂದು ಸ್ವರವೂ ಗೊತ್ತಿಲ್ಲದ ಮನುಷ್ಯ! ನೀನು ಹೇಗೆ ಕೂರುತ್ತೀಯ, ಎಲ್ಲಿ ಬಾಗುತ್ತೀಯ, ಯಾವಾಗ ಹೆಗಲು ಎತ್ತುತ್ತೀಯ ಎಲ್ಲವೂ ಅವನಿಗೆ ಗೊತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ. ನಾನು ಹೆತ್ತ ಮಗನನ್ನು ನಾನೇ ಮೊದಲ ಸಲ ನೋಡಿದಂತಾಯಿತು. ರೇಡಿಯೊ ರಿಪೇರಿಯವನು ಬಂದು ಒಳಗಿನ ವೈರು ಜೋಡಿಸಿ, ಸ್ಪೀಕರಿಗೆ ಸಿಕ್ಕಿಸಿ ಒಂದು ತಂತಿ ಮೀಟಿದಾಗ ಸ್ಟ್ಯಾಂಡಿನ ತಟ್ಟೆಗಳೆಲ್ಲ ಅದುರಿದವು. ನಿಮ್ಮಮ್ಮ ಅತ್ತಳು, ನಾನೂ ಅತ್ತೆ.

ಲಾರಿ ಓಡಿಸುವ ಪಕ್ಕದ ಮನೆಯವನು ಈಗ ನಿನ್ನ ಕಡೆಗೇ ಹೊರಟಿದ್ದಾನೆ. ಗಿಟಾರ್ ಅವನ ಕೈಯಲ್ಲಿ ಬರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ನಿಮ್ಮಮ್ಮ ಹೇಳಿದ್ದಾಳೆ. ನೂರು ಕಾಲ ಬಾಳು, ನನಗಿಂತ ಹೆಚ್ಚು ಹಠ ಮಾಡಿ ಬಾಳು.

ಇಂತಿ,
ನಿನ್ನ ಜಗಳಗಂಟಿ ಅಜ್ಜಿ

ಇನ್ನೊಂದು ಮಾತು: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಸುಧಾರಿಸಿಕೊಂಡು ಓದು. ಮರದ ಪೆಟ್ಟಿಗೆಯಲ್ಲಿ ಇಡುವಾಗ ಗಿಟಾರಿನ ಪಕ್ಕದಲ್ಲಿ ನಿನ್ನ ಫೋಟೊ ಹಿಡಿದು ನೋಡಿದೆ. ಎಲ್ಲ ತಿರುಗುಮುರುಗು! ಆ ಕಡೆಯ ಗುಂಡಿಗಳು ಈ ಕಡೆ, ಮುಂಗೈ ಸವೆಸಿದ ಜಾಗವೂ ಈ ಕಡೆ. "ಎಡ ಯಾವುದು ಬಲ ಯಾವುದು ತಿಳೀದೆ ಇಷ್ಟು ದಿನ ಏನು ಕಡಿದು ಕಟ್ಟೆ ಹಾಕಿದೆಯೋ?" ಎಂದು ಕೂಗಿಕೊಂಡೆ. ನಿನ್ನಪ್ಪ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಲೇ, "ಬೇಕಂತಲೇ ಮಾಡಿದ್ದಮ್ಮಾ. ತಂತಿ ಒತ್ತೋಕೆ ಬಲಗೈ ಬೆರಳು ಐದೂ ಇದಾವೆ. ಮೀಟೋಕೆ ಎಡಗೈಲಿ ಉಳಿದಿರೋ ಎರಡು ಸಾಕು" ಎಂದ. ಪುಟ್ಟಾ, ನೀನೇ ಎಡಗೈಯಲ್ಲಿ ವರ್ಷಗಟ್ಟಲೆ ಮೀಟಿ ಸವೆಸಿದಂತಿರುವ ಗಿಟಾರ್ ಬರುತ್ತಿದೆ. ಇನ್ನು ನೀನು ಮೀಟುವುದೊಂದೇ ಬಾಕಿ.