ಬೆಳಿಗ್ಗೆ, ತಿಂಡಿಗೆ ಮುಂಚೆ

ಡಾಕ್ಟರಮ್ಮನವರಿಗೆ ಅಂಜನಾಪುರದಿಂದ ಸುಮಂಗಲ ಮಾಡುವ ನಮಸ್ಕಾರಗಳು.

ಮಗು ತೀರಿಕೊಂಡ ಮೇಲೆ ಶಿಕಾರಿಪುರಕ್ಕೆ ನಿಮ್ಮ ಹತ್ತಿರ ಕರೆತಂದಿದ್ದರಲ್ಲ, ಅವಳೇ ನಾನು. ಮಾತ್ರೆ ಬರೆದುಕೊಟ್ಟು, ಬೆಳಿಗ್ಗೆ ಎದ್ದು ಸ್ವಲ್ಪ ಹೊತ್ತು ನಡೆಯಮ್ಮ ಎಂದು ಬಾಯಲ್ಲಿ ಹೇಳಿದ್ದಿರಿ. ಮಾತ್ರೆ ತಪ್ಪಿಸಿಲ್ಲ. ಅತ್ತೆಯವರೇ ಎದುರಿಗೆ ನಿಂತು ನುಂಗಿಸುತ್ತಾರೆ.

ನಡೆಯಲು ಮಾತ್ರ ಆಗಲಿಲ್ಲ. ನಮ್ಮೂರಲ್ಲಿ ಹೆಂಗಸರು ಬರಿಗೈಯಲ್ಲಿ ನಡೆಯುವುದಿಲ್ಲ; ಕೊಡವೋ ಹುಲ್ಲಿನ ಹೊರೆಯೋ ಇರಬೇಕು. ನಾನು ಸುಮ್ಮನೆ ನೀರು ತುಂಬಿ ಹರಿಯುವ ಚಾನಲ್ ಏರಿಯ ಮೇಲೆ ಹೊರಟಿದ್ದಕ್ಕೆ, ಗದ್ದೆಗೆ ನೀರು ಕಟ್ಟುತ್ತಿದ್ದವರು ಓಡಿ ಬಂದು ಕೈಹಿಡಿದು ಮನೆಗೆ ಬಿಟ್ಟರು. "ಮನ್ಯಾಗಿನ ಹೆಣ್ಮಗಳನ್ನ ಸ್ವಲ್ಪ ನೋಡ್ಕೊಳ್ರೀ" ಎಂದು ನಮ್ಮ ಯಜಮಾನರಿಗೆ ಹೇಳಿದರು. ಗಾಳಿಗೆ ಹೊರಟಿದ್ದೆ ಎಂದರೆ ಯಾರೂ ನಂಬಲಿಲ್ಲ. ಈಗ ಬೆಳಗಾಗುವ ಮೊದಲೇ ಬಾಗಿಲಿಗೆ ಹೊರಗಿನಿಂದ ಚಿಲಕ ಬೀಳುತ್ತದೆ. ಅತ್ತೆಯವರನ್ನು ಬಯ್ಯಬೇಡಿ. ಅವರೂ ಹೆದರಿದ್ದಾರೆ. ಚಿಲಕ ಹಾಕಿ ಜಗಲಿಯ ಮೇಲೆ ಕಾಯುತ್ತಾ ಕೂತಿರುತ್ತಾರೆ.

ಒಂದು ಉಪಕಾರ ಮಾಡಿ. ನಡಿಗೆಯನ್ನೂ ಮಾತ್ರೆಯ ಹಾಗೆ ಚೀಟಿಯ ಕೊನೆಯಲ್ಲಿ ಬರೆದುಕೊಡಿ: ಬೆಳಿಗ್ಗೆ, ತಿಂಡಿಗೆ ಮುಂಚೆ. ನೀವು ಬರೆದದ್ದನ್ನು ಈ ಮನೆಯಲ್ಲಿ ಯಾರೂ ಮೀರುವುದಿಲ್ಲ.

ಮಾತ್ರೆಗೆಂದು ಬರುವ ಯಜಮಾನರ ಕೈಯಲ್ಲೇ ಈ ಪತ್ರ ಕಳಿಸಿದ್ದೇನೆ. ಚೀಟಿಯನ್ನು ಅವರಿಗೇ ಕೊಡಿ. ಅವರು ಅದನ್ನು ಓದುವುದಿಲ್ಲ, ನೇರ ಔಷಧಿ ಅಂಗಡಿಯಲ್ಲಿ ಕೊಡುತ್ತಾರೆ. ಅಂಗಡಿಯವರು ಮಾತ್ರೆ ಕಟ್ಟಿಕೊಟ್ಟು, ಕೊನೆಯದು ನಮ್ಮಲ್ಲಿಲ್ಲ ಎನ್ನುತ್ತಾರೆ. ಇವರು ಆಗಲಿ ಎಂದು ಬಂದುಬಿಡುತ್ತಾರೆ.

ಆದರೂ ಬರೆಯಿರಿ.

ಮನೆಯೊಳಗಿಂದ,
ಸುಮಂಗಲ