ಅನ್ನುತ್ತಿದ್ದ, ಅನ್ನುತ್ತಾನೆ

ಮುಲ್ಲೈತ್ತೀವು,
೩ ಸೆಪ್ಟೆಂಬರ್ ೨೦೧೯

ನನ್ನ ಕುಗನ್ ಅಣ್ಣನಿಗೆ,

ಹೇಗಿದ್ದೀಯ? ಹೊಟ್ಟೆತುಂಬ ಊಟ ಸಿಗುತ್ತಿದೆಯೇ? ಕಿವಿ ಸೋರುವುದು ನಿಂತಿತೇ? ಇವು ಅಮ್ಮನ ಪ್ರಶ್ನೆಗಳು. ಪಕ್ಕದಲ್ಲಿ ಕೂತು ಬರೆಸಿದ ಮೇಲೆಯೇ ಅವಳು ರಸ್ತೆಬದಿಯ ಪೆಂಡಾಲಿಗೆ ಹೊರಟಳು. ಮಕ್ಕಳು ಮರಳದ ತಾಯಂದಿರು ಅಲ್ಲಿ ಫೋಟೊ ಹಿಡಿದು ದಿನವೂ ಕೂರುತ್ತಾರೆ. ವಿಳಾಸವಿಲ್ಲದ ಪತ್ರವನ್ನು ಎಲ್ಲಿಗೆ ಹಾಕುತ್ತೀ ಎಂದು ಅವಳು ಕೇಳಲಿಲ್ಲ. ಮಂಡಿನೋವೊಂದು ಬಿಟ್ಟರೆ ಚೆನ್ನಾಗಿದ್ದಾಳೆ.

ಪೆಂಡಾಲಿನವರ ಅರ್ಜಿಗಳನ್ನು ಬರೆಯುವವಳು ನಾನೇ. ಹಾಗಾಗಿ ನಿನ್ನ ಬಗ್ಗೆ ಬ್ಲಾಗ್ ಬರೆಯಲು ಕೂತಾಗ ಕೈಗೆ ಬಂದದ್ದೂ ಅದೇ ಭಾಷೆ: ‘ಮೇಲ್ಕಂಡ ಕುಗನ್, ವಯಸ್ಸು ಹತ್ತೊಂಬತ್ತು, ೨೦೦೯ರಲ್ಲಿ ಯುದ್ಧದ ಕೊನೆಯ ದಿನ ಸೇತುವೆಯ ಬಳಿ ವಿಚಾರಣೆಗೆಂದು ಸೇನೆಗೆ ಒಪ್ಪಿಸಲ್ಪಟ್ಟಿರುತ್ತಾರೆ.’ ಒಪ್ಪಿಸಿದವರು ಯಾರೆಂದು ಆ ಭಾಷೆಯಲ್ಲಿ ಹೇಳಬೇಕಾಗಿರಲಿಲ್ಲ. ಯಾರೂ ಓದಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. “ಯಾರೇ ಇವನು, ಮೇಲ್ಕಂಡ? ಇದ್ರಲ್ಲಿ ನನ್ನ ಮಗ ಎಲ್ಲಿ? ಕುಗನೇ ಕೇಳಿದ್ರೂ ‘ಪಾಪ, ಯಾರೋ ಹುಡುಗ’ ಅಂತಾನೆ. ಬಾವಿಕಟ್ಟೇಲಿ ನಿಂತು ಹರಟೆ ಹೊಡೀತೀಯಲ್ಲ, ಹಂಗೆ ಬರಿ,” ಎಂದಳು.

ಹಾಗೇ ಬರೆದೆ. ‘ಅಣ್ಣ ಸೈಕಲ್ಲಿಗೆ ಮಾಮಾ ಅನ್ನುತ್ತಿದ್ದ. ಚೈನು ಕಳಚಿದರೆ ನಡುರಸ್ತೆಯಲ್ಲಿ ಕೈಮುಗಿದು, ಮಾಮಾ, ಹುಡುಗೀರು ನೋಡ್ತಿದಾರೆ, ಮಾನ ಕಳೀಬೇಡಿ ಅನ್ನುತ್ತಿದ್ದ.’ ಒಂದು ವಾಕ್ಯ ಇನ್ನೊಂದನ್ನು ಎಳೆದು ತಂದಿತು. ಅಣ್ಣಾ, ನಿಜ ಹೇಳುತ್ತೇನೆ, ಬರೆಯುವಷ್ಟು ಹೊತ್ತು ನನಗೆ ಸುಖವಾಗಿತ್ತು. ಟೊರೊಂಟೊದಿಂದ, ಪ್ಯಾರಿಸ್‌ನಿಂದ ನಮ್ಮವರು ಇನ್ನೂ ಬರಿ ಎಂದರು. ಪಕ್ಕದ ಮನೆಯ ಸೆಲ್ವಿ ಅಕ್ಕ ಅದನ್ನು ಫೋನಿನಲ್ಲಿ ತೆಗೆದು ಪೆಂಡಾಲಿನಲ್ಲಿ ಗಟ್ಟಿಯಾಗಿ ಓದಿದಳು. ನಗುವುದನ್ನೇ ಬಿಟ್ಟಿದ್ದ ಹೆಂಗಸರು ನಕ್ಕರು. ಅಮ್ಮ ಎದ್ದು ಮನೆಗೆ ಬಂದಳು.

“ಏನೇ ಅದು, ಅನ್ನುತ್ತಿದ್ದ? ಈಗ ಅನ್ನಲ್ವಾ ಅವನು?” ಕಥೆ ಹೇಳುವ ರೀತಿಯೇ ಹಾಗಮ್ಮ ಎಂದೆ. “ಕಥೇನಾ? ಅವನ ಕೈ ಹಿಡ್ಕೊಂಡು ಹೋಗಿ ಕೊಟ್ಟವಳು ನಾನು. ಬಚ್ಚಿಟ್ಕೋತೀನಿ ಅಂದ, ನಾನೇ ಬೇಡ ಅಂದೆ. ‘ವಿಚಾರಿಸಿ ಕಳಿಸ್ತೀವಿ, ಅಮ್ಮಾ’ ಅಂದ್ರು. ನೀನು ‘ಇದ್ದ’ ಅಂತ ಬರೆದ್ರೆ, ನಾನು ಅವನನ್ನ ಯಾತಕ್ಕೆ ಕೊಟ್ಟ ಹಾಗಾಯ್ತು, ಹೇಳು?” ಮಾಡಿಟ್ಟ ಅಕ್ಕಿಹಿಟ್ಟಿನ ಪಿಟ್ಟು ತಟ್ಟೆಯಲ್ಲೇ ಒಣಗಿತು. ಮರುದಿನವೂ ಅವಳು ಮುಟ್ಟಲಿಲ್ಲ.

ಒಂದೊಂದೇ ಕ್ರಿಯಾಪದವನ್ನು ತಿದ್ದಿದೆ. ಈಗ ನೀನು ಸೈಕಲ್ಲಿಗೆ ಮಾಮಾ ಅನ್ನುತ್ತೀಯ, ಕೈಮುಗಿಯುತ್ತೀಯ. ಆ ಸೈಕಲ್ಲು ಇಲ್ಲ, ಆ ರಸ್ತೆಯ ಮನೆಗಳೂ ಇಲ್ಲ. ಅಮ್ಮನಿಗೆ ಓದಿ ಹೇಳಿದೆ. ಪ್ರತಿ ವಾಕ್ಯದ ಕೊನೆಗೂ ತಲೆಯಾಡಿಸಿದಳು, ಆಮೇಲೆ ಉಂಡಳು. ಟೊರೊಂಟೊದವರೊಬ್ಬರು ಬರೆದಿದ್ದಾರೆ: “ಏನಾಯ್ತು ತಂಗಿ? ಚೆನ್ನಾಗಿ ಹೇಳ್ತಿದ್ದೆ. ಈಗ ಯಾವುದೋ ಪಾಠ ಓದಿದ ಹಾಗಿದೆ.” ಅವರು ಹೇಳಿದ್ದು ಸರಿ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ಸೆಲ್ವಿ ಅಕ್ಕನೂ ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ತಂಗಿ,
ಯಾಳಿನಿ

ಮತ್ತೆ: ಅಮ್ಮ ಬರುವ ಸದ್ದಾಗುತ್ತಿದೆ, ಬೇಗ ಬರೆಯುತ್ತೇನೆ. ‘ಅನ್ನುತ್ತಿದ್ದ’ ಎಂದು ಬರೆದದ್ದನ್ನು ಅಳಿಸಿಲ್ಲ, ಯಾರಿಗೂ ಕಾಣದಂತೆ ಇಟ್ಟಿದ್ದೇನೆ. ಅಮ್ಮನ ಕಾಲ ಮುಗಿದ ಮೇಲೆ ಅದನ್ನೇ ಹಾಕುತ್ತೇನೆ. ಬರುವುದಿದ್ದರೆ ಅಷ್ಟರೊಳಗೆ ಬಾ, ಅಣ್ಣಾ.